ಕಾಲುವೆ ದಂಡೆಯ ರಂಗೋಲಿ

...ರಂಗೋಲಿಯಲ್ಲಿ ಕೆರೆಯ ಬಣ್ಣ ನೀಲಿಯೇ ಇತ್ತು ಎಂದು ಬರೆದು ಹೊಡೆದುಹಾಕಿದೆ. ಹಸಿರೂ ಇರಬಹುದು. ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ವ್ಯಾಪಾರಿಯೊಬ್ಬ ರಂಗೋಲಿ ಪುಡಿಯ ಚೀಲ ಬಿಚ್ಚಿದಾಗ ಒಣ ಧೂಳು ಮೂಗಿಗೆ ಬಡಿದು, ಕಮಲಾಪುರದ ನಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ನೆನಪಾದರು. ಎಂಬತ್ತರ ದಶಕದ ಕೊನೆಯಿರಬೇಕು. ಅವರ ಮುಖ ನೆನಪಿಲ್ಲ. ಬಣ್ಣ ಹತ್ತಿದ ಬೆರಳುಗಳು ನೆನಪಿವೆ, ಅವನ್ನೂ ನಾನು ಆಮೇಲೆ ಸೇರಿಸಿಕೊಂಡಿರದಿದ್ದರೆ...

ಆ ರಂಗೋಲಿಯ ಹಿಂದಿನ ವರ್ಷದ ಮಳೆಗಾಲದಲ್ಲಿ ಕೆರೆಗೆ ಹೋಗಬೇಕಾದ ನೀರು ನಮ್ಮ ಮನೆಗೆ ನುಗ್ಗಿತ್ತು. ಇದು ಮಾತ್ರ ಖಚಿತ. ಗೋಡೆಯ ಮೇಲೆ ಗುರುತಿತ್ತು. ಕಾರಣ ನಾವೇ. ಬೂದಿ, ಬಾಳೆದಿಂಡು, ಹರಕು ಚಾಪೆ ಎಲ್ಲವನ್ನೂ ಓಣಿಯವರೆಲ್ಲ ಕೆರೆಯ ಕಾಲುವೆಗೇ ಸುರಿಯುತ್ತಿದ್ದೆವು. ಮತ್ತೆ ಮಳೆ ಹತ್ತಿರ ಬಂದಿತ್ತು.

ಸಂತೆಯ ದಿನ ಟೀಚರ್ ನೆಲದ ಮೇಲೆ ದೊಡ್ಡ ರಂಗೋಲಿ ಬಿಡಿಸಿದರು. ಕೆರೆ, ಕಾಲುವೆ, ನಮ್ಮ ಓಣಿ. ಜನ ಅದರೊಳಗೆ ನಡೆದು, ತಾವು ದಿನಾ ಕಸ ಹಾಕುವ ಜಾಗದಲ್ಲಿ ಒಂದು ಹಿಡಿ ಕಸ ಇಡಬೇಕು. ನೀರಿನ ದಾರಿ ಹೇಗೆ ಕಟ್ಟುತ್ತದೆಂದು ಕಣ್ಣಾರೆ ನೋಡಬೇಕು ಎಂಬುದು ಅವರ ಲೆಕ್ಕ. ಯಾರೂ ಕಾಲಿಡಲಿಲ್ಲ.

“ರಂಗೋಲಿ ತುಳೀತಾರೇನ್ರಿ ಟೀಚರ್?” ಎಂದು ಕೆಂಪು ಬಾಳೆಹಣ್ಣು ಮಾರುವ ಮುದುಕಿ ಬುಟ್ಟಿ ಹೊತ್ತು ಸುತ್ತುಹಾಕಿ ಹೋದಳು. ಯಾರೋ ಅಂಚಿಗೆ ಕುಂಕುಮ ಇಟ್ಟರು.

“ನಿಮ್ಮ ಕೆರಿ ಭಾಳ ಚಂದ ಅದರಿ, ನಮ್ದಕ್ಕಿಂತ ಸ್ವಚ್ಛ,” ಎಂದು ಇನ್ನೊಬ್ಬ ಚುಚ್ಚಿದ.

ಅವತ್ತು ಟೀಚರ್ ಅತ್ತರೆಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಬೂದಿಯ ಬುಟ್ಟಿ ಹೊತ್ತು ಕಾಲುವೆಗೆ ಹೋದ ಅವ್ವ ಹಾಗೇ ತಿರುಗಿ ಬಂದಳು.

“ಆ ಟೀಚರಮ್ಮ ದಂಡಿ ಮ್ಯಾಲ ರಂಗೋಲಿ ಹಾಕ್ಯಾಳ. ಅದರ ಮ್ಯಾಲ ಹ್ಯಾಂಗ ಸುರೀಲಿ?”

ಬೂದಿ ಹಿತ್ತಲ ಗುಂಡಿಗೆ ಹೋಯಿತು. ಕಸ ಸುರಿಯುವ ಜಾಗಗಳಲ್ಲೆಲ್ಲ ದಿನಾ ನಸುಕಿನಲ್ಲಿ ಹೊಸ ರಂಗೋಲಿ ಬೀಳತೊಡಗಿತು. ಐದಾರು ದಿನ ಸುಮ್ಮನೆ ನೋಡಿದ ಅವ್ವ ಒಂದು ದಿನ ತಡೆಯಲಾರದೆ, “ಎಳಿ ಸೊಟ್ಟ ಬಂದಾವ್ರಿ. ಮಕ್ಕಳಿಗೂ ಇದೇ ಕಲಸ್ತೀರೇನು? ಕೊಡ್ರಿಲ್ಲಿ,” ಎಂದು ಪುಡಿ ಕಸಿದುಕೊಂಡಳು. ಟೀಚರ್ ತಕ್ಷಣ ಕೊಟ್ಟರು. ಮರುದಿನ ಪಕ್ಕದ ಮನೆಯಾಕೆಯೂ ಬಂದಳು. “ಗಲೀಜಿನ ಬಾಜೂಕ ಹ್ಯಾಂಗ ಹಾಕೋದು?” ಎಂದು ಸಲಿಕೆ ತಂದವಳು ಅವಳೇ. ಹೆಂಗಸರು ಹಳೆಯ ಕಸವನ್ನು ಮೊದಲು ದಂಡೆಯಿಂದ, ಆಮೇಲೆ ಕಾಲುವೆಯೊಳಗಿಂದಲೂ ಎತ್ತಿ ತಿಪ್ಪೆಗೆ ಸಾಗಿಸಿದರು.

ಮೊದಲ ದೊಡ್ಡ ಮಳೆಗೆ ಅವ್ವ ಟ್ರಂಕನ್ನು ಮಂಚದ ಮೇಲೇರಿಸಿ ಹೊಸ್ತಿಲಲ್ಲಿ ಕುಳಿತಳು. ರಂಗೋಲಿಯೆಲ್ಲ ಕೊಚ್ಚಿಹೋಯಿತು. ನೀರು ಕಾಲುವೆ ಹಿಡಿದು ಕೆರೆಯ ಕಡೆ ಓಡಿತು. ನಮ್ಮ ಬಾಗಿಲಿಗೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು, “ಟ್ರಂಕ್ ಇಳಸು,” ಎಂದಳು. ಎಲ್ಲರೂ ಎರಡೆರಡು ಸಲ ಚಹಾ ಕುಡಿದೆವು.

ಟೀಚರ್ ಅದೇ ವರ್ಷ ವರ್ಗವಾಗಿ ಹೋದರು. ಅವರು ತೀರಿಕೊಂಡ ಸುದ್ದಿಯನ್ನು ಕಲಬುರಗಿಯಲ್ಲಿರುವ ಹಳೆಯ ಸಹಪಾಠಿ ಹೇಳಿದ. ಯಾವಾಗ ಎಂದು ಅವನಿಗೂ ತಿಳಿದಿರಲಿಲ್ಲ. ಒಮ್ಮೆ ಹೋಗಿ ಕಾಣಬಹುದಿತ್ತು, ಹೋಗಲಿಲ್ಲ. ಚಿತ್ರ ಕಲಿಸುವವರ ಎಳೆ ಹಾಗೆ ಸೊಟ್ಟ ಬಂದದ್ದು ಹೇಗೆ? ನಸುಕಿನಲ್ಲಿ ಕಾಣದೆ ತಪ್ಪಿತೋ, ಅವ್ವನಂಥವರು ತಡೆಯಲಾರರೆಂದು ಬೇಕಂತಲೇ ಎಳೆದರೋ... ನನಗೆ ಗೊತ್ತಿಲ್ಲ.