ಥಂಡಿ ಪಾಟಿಗಳು

ನಾನು ಅಲಖನೂರಿನಿಂದ ಚಿಕ್ಕೋಡಿಗೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ತೋರಿಸಿದ್ದು ದೇವರ ಜಗಲಿಯನ್ನಲ್ಲ, ಫ್ರೀಜರನ್ನು. ನಡುಮನೆಯ ಗೋಡೆಗೆ ಹಚ್ಚಿ ಇಟ್ಟಿದ್ದ, ಮೇಲಿನಿಂದ ಮುಚ್ಚಳ ಎತ್ತುವ ದೊಡ್ಡ ಬಿಳಿ ಪೆಟ್ಟಿಗೆ ಅದು. ನಿಪ್ಪಾಣಿಯಲ್ಲಿ ಯಾರೋ ಐಸ್‌ಕ್ರೀಮ್ ಅಂಗಡಿ ಮುಚ್ಚಿದಾಗ ಮಾವ ತಂದಿದ್ದರಂತೆ. ಮಾವ ತೀರಿಕೊಂಡ ಮೇಲೆ ಅದು ಅತ್ತೆಯ ಪಾಲಿಗೆ ಬಂತು. ಲಗ್ನದ ಮನೆಗಳಿಗೆ ಶ್ರೀಖಂಡ ಮಾಡಿಕೊಡುವ ಕೆಲಸವೂ ಅದರ ಜೊತೆಗೇ ಬಂತು.

"ಮುಚ್ಚಳಾ ಸುಮ್‌ಸುಮ್ನ ತಗೀಬ್ಯಾಡ. ಒಳಗ ಇರೂದು ಬರೇ ಥಂಡಿ ಅಲ್ಲ, ನಮ್ಮ ಅನ್ನ," ಎಂದರು. ಕೈಯ ಅರಿಶಿನ ಇನ್ನೂ ಹೋಗಿರದ ಸೊಸೆಗೆ ಹೇಳುವ ಮೊದಲ ಮಾತು ಇದೇನಾ ಎಂದು ನನಗೆ ಕೆಟ್ಟ ಸಿಟ್ಟು ಬಂದಿತ್ತು. ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅತ್ತೆಯ ಮುಂದೆ ನನ್ನದೇನೂ ನಡೆಯಲಿಲ್ಲ.

ನಮ್ಮ ಗಡಿಭಾಗದಲ್ಲಿ ಆಗ ಶ್ರೀಖಂಡ ಇಲ್ಲದ ಲಗ್ನ ಲಗ್ನವೇ ಅಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿದ ಮೇಲೆ ಉಳಿಯುವ ಗಟ್ಟಿಗೆ ಚಕ್ಕಾ ಎನ್ನುತ್ತೇವೆ. ದೊಡ್ಡ ಲಗ್ನವಿದ್ದರೆ ನಾಲ್ಕೈದು ದಿನ ಮೊದಲೇ ಚಕ್ಕಾ ಕೂಡಿಡಬೇಕು. ಒಂದು ಹೊತ್ತು ಥಂಡಿ ತಪ್ಪಿದರೂ ಅದು ಹುಳಿ ಹಿಡಿಯುತ್ತದೆ. ಆದರೆ ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ಬರುವುದು ಬೇಸಿಗೆಯಲ್ಲಿ, ಬೇಸಿಗೆಯಲ್ಲಿ ನಮ್ಮೂರಿನ ಕರೆಂಟು ಅಳಿಯನ ಹಾಗೆ. ಮನಸ್ಸು ಬಂದಾಗ ಬರುತ್ತದೆ, ಬಂದಾಗ ನಾವು ಎಲ್ಲ ಬಿಟ್ಟು ಅದರ ಸೇವೆಗೆ ನಿಲ್ಲಬೇಕು.

ಅದಕ್ಕೆ ಮಾವ ಕಂಡುಕೊಂಡ ಉಪಾಯವೇ ಥಂಡಿ ಪಾಟಿ. ನಿಪ್ಪಾಣಿಯ ಡಬ್ಬಿ ಬೆಸೆಯುವವನ ಹತ್ತಿರ ಕೂತು ತಗಡಿನ ಚಪ್ಪಟೆ ಡಬ್ಬಿಗಳನ್ನು ಮಾಡಿಸಿ, ಒಳಗೆ ಉಪ್ಪಿನ ನೀರು ತುಂಬಿ, ಬಾಯಿ ಬೆಸೆಸಿದ್ದರು. ಶಾಲೆಯಲ್ಲಿ ಮಕ್ಕಳು ಬರೆಯುವ ಪಾಟಿಗಿಂತ ತುಸು ದೊಡ್ಡವು, ನೋಡಲು ಹಾಗೇ. ಮೊದಲ ಸಲ ಬಾಯಿಮಟ ತುಂಬಿಸಿದ್ದರಿಂದ ನೀರು ಹೆಪ್ಪುಗಟ್ಟಿ ಉಬ್ಬಿ ಬೆಸುಗೆ ಎಲ್ಲ ಬಿಟ್ಟುಹೋಗಿತ್ತಂತೆ. ಆಮೇಲೆ ಬೆರಳಷ್ಟು ಜಾಗ ಬಿಟ್ಟು ತುಂಬಿಸಿದರು. ಕರೆಂಟು ಇದ್ದಾಗ ಪಾಟಿಗಳು ಫ್ರೀಜರಿನ ಒಳಗೋಡೆಗೆ ಒರಗಿ ಕಲ್ಲಾಗುತ್ತಿದ್ದವು. ಕರೆಂಟು ಹೋದಾಗ ಅವನ್ನು ತೆಗೆದು ಚಕ್ಕಾದ ಡಬ್ಬಿಗಳ ಸುತ್ತ ನಿಲ್ಲಿಸಿ, ಫ್ರೀಜರಿನ ಮೇಲೆ ಕಂಬಳಿ ಹೊದಿಸಿಬಿಟ್ಟರೆ ಎರಡು ದಿನ ಚಿಂತೆಯಿಲ್ಲ.

ಚಿಂತೆ ಇದ್ದದ್ದು ಪಕ್ಕದ ಮನೆಯ ಆಯಿಯದು.

ಆಯಿ ಒಂಟಿ ಮುದುಕಿ. ಒಬ್ಬಳೇ ಮಗಳನ್ನು ಪುಣೆಗೆ ಕೊಟ್ಟಿದ್ದಳು. ನಮ್ಮ ಚಕ್ಕಾದಿಂದ ಇಳಿದ ನೀರು ಗಟಾರದಲ್ಲಿ ಹರಿದು ಅವಳ ಬಾಗಿಲ ಮುಂದೆ ಹಾದುಹೋಗುತ್ತಿತ್ತು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಅವಳು ಶುರು ಮಾಡುತ್ತಿದ್ದಳು.

"ನಿಮ್ಮ ಹುಳಿ ನೀರಿಗೆ ನನ್ನ ಬಾಗಲದಾಗ ನೊಣಾ ಮುತ್ತಾಕತ್ತಾವ!"

"ನೊಣಕ್ಕರ ರುಚಿ ಗೊತ್ತೈತಿ, ನಿನಗ ಅದೂ ಗೊತ್ತಿಲ್ಲ!" ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು.

ಇಬ್ಬರದೂ ಬಾಯಿ ಬೊಂಬಾಯಿ. ಇಡೀ ಓಣಿಗೆ ಅದೇ ರೇಡಿಯೋ. ಒಂದು ದಿನ ಜಗಳ ಕೇಳಿಸದಿದ್ದರೆ ಎದುರುಮನೆಯವರು ಬಂದು ಯಾರಿಗೆ ಆರಾಮ ಇಲ್ಲ ಎಂದು ವಿಚಾರಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆಯಿಯ ಮೊಣಕಾಲು ಬಾತು, ಎದ್ದು ನಿಲ್ಲಲೂ ಆಗದಾಯಿತು. ಎರಡು ದಿನ ಕಟ್ಟೆ ಖಾಲಿ ಇತ್ತು. ಅತ್ತೆಗೆ ತಡೆಯಲಾಗಲಿಲ್ಲ. ಒಂದು ಪಾಟಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಕಾಲಿಗಿ ಹಚಗೋ ಅನ್ನು. ನಾ ಕೊಟ್ಟೀನಿ ಅನಬ್ಯಾಡ," ಎಂದರು. ಆಯಿ ಅದನ್ನು ನೋಡಿದವಳೇ ಗೋಡೆಯ ಕಡೆ ತಿರುಗಿದಳು. "ಆಕೀ ಥಂಡಿ ನಾ ಒಲ್ಲೆ. ಒಯ್ಯಿ."

ಪಾಟಿ ವಾಪಸು ಬಂದಾಗ ಅತ್ತೆ ಕೆಂಡಾಮಂಡಲವಾದರು. ಹೋಗಿಬರುವುದರಲ್ಲಿ ಅರ್ಧ ಥಂಡಿ ಹಾಳಾಯಿತು ಎಂದು ನನ್ನನ್ನೇ ಬೈದರು. ಸಂಜೆ ಊಟ ಮಾಡುವಾಗ ಮಾತ್ರ, ಯಾರಿಗೂ ಅಲ್ಲದ ಹಾಗೆ, "ಕಾಲ ಭಾಳ ಬಾತಾವೇನು?" ಎಂದು ಕೇಳಿದರು. ಅತ್ತೆಯ ಮೇಲೆ ನನಗೆ ಮೊದಲ ಸಲ ಮಮತೆ ಹುಟ್ಟಿದ್ದು ಆವತ್ತು.

ಮುಂದಿನ ವರ್ಷದ ಬೇಸಿಗೆ. ಕಾಗವಾಡದ ಒಂದು ದೊಡ್ಡ ಮನೆಯ ಲಗ್ನಕ್ಕೆ ಶ್ರೀಖಂಡ ಒಪ್ಪಿಕೊಂಡಿದ್ದೆವು. ಫ್ರೀಜರು ಚಕ್ಕಾದಿಂದ ತುಂಬಿ ಕೈ ಹಾಕಲೂ ಜಾಗ ಇರಲಿಲ್ಲ. ಲಗ್ನಕ್ಕೆ ಎರಡು ದಿನ ಇರುವಾಗ ಗಾಳಿ ಮಳೆ ಬಂದು ಕಂಬಗಳು ಉರುಳಿ, ಕರೆಂಟು ಪೂರ್ತಿ ಹೋಯಿತು. ಪಾಟಿಗಳು ಇದ್ದುದರಿಂದ ನಾವು ಹೆದರಲಿಲ್ಲ. ಮರುದಿನ ಬೆಳಿಗ್ಗೆ, ಬೈಗುಳ ಕೇಳಿಸಲಿಲ್ಲವೆಂದು ನಾನೇ ಹೋಗಿ ಬಾಗಿಲು ಬಡಿದೆ. ಆಯಿ ಮಲಗಿದಲ್ಲೇ ತೀರಿಕೊಂಡಿದ್ದಳು.

ನನ್ನ ಗಂಡ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿ ಪುಣೆಗೆ ಫೋನು ಮಾಡಿ ಬಂದರು. ಮಗಳಿಗೆ ಸುದ್ದಿ ಮುಟ್ಟಿತ್ತು. ಅವಳಿಗೆ ಸಿಗುವುದು ರಾತ್ರಿಯ ಬಸ್ಸು, ಊರು ಮುಟ್ಟುವುದು ಮರುದಿನ ಬೆಳಿಗ್ಗೆಯೇ. ಮಳೆ ನಿಂತು ಬಿಸಿಲು ಬಿದ್ದು ಸೆಖೆ ಕುದಿಯುತ್ತಿತ್ತು. ನಿಪ್ಪಾಣಿಯಿಂದ ಬರ್ಫದ ಗಡ್ಡೆ ತರಿಸೋಣವೆಂದರೆ ಅಲ್ಲೂ ಕರೆಂಟಿಲ್ಲ, ಇದ್ದ ಬರ್ಫವನ್ನೆಲ್ಲ ಲಗ್ನದ ಮನೆಯವರು ಒಯ್ದಿದ್ದರು.

ಓಣಿಯ ಹಿರಿಯರೊಬ್ಬರು ತಲೆಯ ಪಟಗಾ ತೆಗೆದು ಬೆವರು ಒರೆಸಿಕೊಂಡು, "ನಾಳಿತನಾ ಹೆಣಾ ತಡ್ಯಾಂಗಿಲ್ಲ. ಸಂಜಿಕ ಮಣ್ಣ ಕೊಟ್ಟ ಬಿಡೂಣ," ಎಂದರು. ಉಳಿದವರೂ ತಲೆ ಆಡಿಸಿದರು.

ಅತ್ತೆ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. "ಒಬ್ಬಾಕಿ ಮಗಳ್ರಿ. ಆಕಿ ಅವ್ವನ ಮಾರಿ ನೋಡ್ಲಾರ್ದ ಮಣ್ಣ ಕೊಡ್ತೀರೇನು?"

"ಮತ್ತೇನ ಮಾಡೂದವಾ? ದೇವರ ಬಿಸಲಾ ನಮ್ಮ ಕೈಯಾಗ ಐತೇನು?"

ಅತ್ತೆ ಒಳಗೆ ಬಂದು ಫ್ರೀಜರಿನ ಮೇಲಿನ ಕಂಬಳಿ ಎಳೆದು ತೆಗೆದರು. ಏನು ಮಾಡಹೊರಟಿದ್ದಾರೆಂದು ನನಗೆ ತಿಳಿಯಿತು.

"ಅತ್ತಿ, ನಾಳಿ ಲಗ್ನದ ಚಕ್ಕಾರಿ?"

"ಶ್ರೀಖಂಡ ಇಲ್ಲಂದ್ರ ಹುಗ್ಗಿ ಮಾಡತಾರ. ಅವ್ವನ ಮಾರಿ ಬದಲಿ ಏನ ತೋರಸ್ತಿ?"

ನನ್ನ ಗಂಡನನ್ನು ಆಗಲೇ ಕಾಗವಾಡಕ್ಕೆ ಅಟ್ಟಿದರು. ಶ್ರೀಖಂಡ ಆಗುವುದಿಲ್ಲ, ಗೋಧಿ ಹುಗ್ಗಿಗೆ ತಯಾರಿ ಮಾಡಿಕೊಳ್ಳಿ, ತಪ್ಪು ನಮ್ಮದು ಎಂದು ಹೇಳಿಬರಲು. ಸಕ್ಕರೆ ಹೆಚ್ಚು ಹಾಕಿ ಹುಳಿ ಮುಚ್ಚುವ ವಿದ್ಯೆ ಅತ್ತೆಗೆ ಗೊತ್ತಿರಲಿಲ್ಲವೆಂದಲ್ಲ. ಅದನ್ನು ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಪಾಟಿಗಳನ್ನು ಹೊರಗೆ ತೆಗೆಯುವುದರಲ್ಲೂ ಅವರದು ಒಂದು ಲೆಕ್ಕ. "ಎಲ್ಲಾ ಒಮ್ಮೆಲೆ ಬ್ಯಾಡ. ಅರ್ಧಾ ಈಗ, ಅರ್ಧಾ ಸಂಜಿಕ. ಇಲ್ಲಂದ್ರ ಮುಂಜಾನಿಗಿ ಮುಟ್ಟಂಗಿಲ್ಲ." ಒಂದೊಂದನ್ನೂ ಹಳೆಯ ಸೀರೆಯಲ್ಲಿ ಸುತ್ತಿ ನಾನು ಕೊಟ್ಟೆ, ಅವರು ಒಯ್ದರು. ಇಷ್ಟು ವರ್ಷ ತುಳಿಯದ ಹೊಸ್ತಿಲನ್ನು ದಾಟಿ, ಆಯಿಯ ಎರಡೂ ಮಗ್ಗುಲಿಗೆ, ಕತ್ತಿನ ಕೆಳಗೆ, ಹೊಟ್ಟೆಯ ಮೇಲೆ ಪಾಟಿಗಳನ್ನು ಇಟ್ಟರು. ಮೇಲೆ ಅದೇ ಕಂಬಳಿ ಹೊದಿಸಿ ಮುಖ ಮಾತ್ರ ತೆರೆದಿಟ್ಟರು. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ, ನನಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದರು.

"ಅಕ್ಕಾ, ಆವತ್ತ ಒಲ್ಲೆ ಅಂದಿ. ಇವತ್ತ ಒಲ್ಲೆ ಅನಬ್ಯಾಡ."

ಅವರು ಆಯಿಯನ್ನು ಅಕ್ಕಾ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದು ಅತ್ತುಬಿಟ್ಟೆ.

ಸಂಜೆ ಉಳಿದ ಪಾಟಿಗಳೂ ಹೋದವು. ಮರುದಿನ ಹೊತ್ತು ಮೂಡುವಾಗ ಮಗಳು ಬಂದಳು. ಓಣಿಯ ತಿರುವಿನಿಂದಲೇ ಅಳುತ್ತ ಓಡಿಬಂದವಳು ತಾಯಿಯ ಮುಖದ ಮೇಲೆ ಬಗ್ಗಿದಳು. ಮುಖ ಕೆಟ್ಟಿರಲಿಲ್ಲ. ಯಾರನ್ನೋ ಬೈಯಲು ಹೊರಟು ನಡುವೆ ನಿದ್ದೆ ಬಂದ ಹಾಗಿತ್ತು. ಅವಳು ತಾಯಿಯ ಕೆನ್ನೆಯ ಮೇಲೆ ಅಂಗೈ ಇಟ್ಟು ತುಂಬಾ ಹೊತ್ತು ಕೂತಳು. ಯಾರೂ ಅವಸರ ಮಾಡಲಿಲ್ಲ.

ಮಣ್ಣು ಕೊಟ್ಟು ಬಂದವರಿಗೆಲ್ಲ ಅತ್ತೆ ಮಜ್ಜಿಗೆ ಮಾಡಿಸಿದರು. ಹುಳಿ ಹಿಡಿದ ಲಗ್ನದ ಚಕ್ಕಾಕ್ಕೆ ನೀರು ಬೆರೆಸಿ, ಶುಂಠಿ ಕೊತ್ತಂಬರಿ ಹಾಕಿದ ಮಜ್ಜಿಗೆ. ಬಿಸಿಲಿಗೆ ಬೆಂದು ಬಂದವರು ಎರಡೆರಡು ಗ್ಲಾಸು ಕುಡಿದರು. ಕಾಗವಾಡದವರು ಮಾತ್ರ ನಮ್ಮ ಮೇಲೆ ಮುಖ ಗಂಟು ಹಾಕಿಕೊಂಡರು, ಎರಡು ವರ್ಷ ಆ ಊರಿನ ಒಂದು ಲಗ್ನವೂ ನಮಗೆ ಬರಲಿಲ್ಲ. ಅವರ ಸಿಟ್ಟೂ ಸುಳ್ಳಲ್ಲ.

ಪಾಟಿಗಳ ಬಗ್ಗೆ ಓಣಿಯಲ್ಲಿ ಗುಸುಗುಸು ಶುರುವಾಯಿತು. ಹೆಣಕ್ಕೆ ಹಚ್ಚಿದ್ದನ್ನು ಮತ್ತೆ ತಿನ್ನುವ ವಸ್ತುವಿನ ಜೊತೆ ಇಡುತ್ತಾರೇನು, ಒಗೆಯಲಿ ಎಂದರು. ಅತ್ತೆ ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೇ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿದರು.

"ನೀರ ಒಳಗೈತಿ, ಸೂತಕ ಹೊರಗೈತಿ. ತೊಳದ್ರ ಹೋತು," ಎಂದು ಓಣಿಗೆ ಕೇಳುವ ಹಾಗೆ ಹೇಳಿ, ಒಳಗೆ ತಂದು ಇಟ್ಟರು. ಕೆಲವೇ ದಿನಗಳಲ್ಲಿ ಅಥಣಿಯ ಕಡೆಯ ಒಂದು ಲಗ್ನ ಬಂದಾಗ ಅವರಿಗೂ ಇದನ್ನೆಲ್ಲ ಹೇಳಿಯೇ ಒಪ್ಪಿಕೊಂಡರು.

ದಿನಕರ್ಮ ಎಲ್ಲ ಮುಗಿದು ಮಗಳು ಪುಣೆಗೆ ಹೊರಟ ದಿನ ಹೇಳಿಹೋಗಲು ನಮ್ಮ ಮನೆಗೆ ಬಂದಳು. ಮಧ್ಯಾಹ್ನ. ಆವತ್ತೂ ಕರೆಂಟು ಇರಲಿಲ್ಲ. ಅಥಣಿಯ ಲಗ್ನದ ಚಕ್ಕಾ ಒಳಗಿತ್ತು, ಸುತ್ತ ಪಾಟಿ ನಿಲ್ಲಿಸಿ ಕಂಬಳಿ ಹೊದಿಸಿದ್ದೆವು. ಚಹಾ ಕುಡಿದು, ಚೀಲ ಕೈಗೆ ತೆಗೆದುಕೊಂಡವಳು ಮತ್ತೆ ಕೆಳಗೆ ಇಟ್ಟಳು. ಫ್ರೀಜರಿನ ಕಡೆ ನೋಡುತ್ತ, ನಾಚುತ್ತ, ಅತ್ತೆಗೆ ಹೇಳಿದಳು.

"ಚಿಗವ್ವಾ, ಪಾಟಿ ಒಂದ ಸಲಾ ಮುಟ್ಟಲೇನ್ರಿ? ಕಡೀಕ ಮುಟ್ಟಿದಾಗ ಅವ್ವನ ಗಲ್ಲ ಅದರಂಗ ತಂಪ ಇತ್ರಿ."

ನಾನು ಅತ್ತೆಯ ಮುಖ ನೋಡಿದೆ. ಕರೆಂಟಿಲ್ಲದಾಗ ಮುಚ್ಚಳಕ್ಕೆ ಕೈ ಹಚ್ಚಿದ್ದಕ್ಕೆ ಅವರು ನನ್ನನ್ನು ಬೈದ ಬೈಗುಳ ಒಂದೆರಡಲ್ಲ. ಅವರು ಎದ್ದು ಕಂಬಳಿ ಸರಿಸಿ ಮುಚ್ಚಳ ಎತ್ತಿ ಹಿಡಿದರು. ಅವಳು ಬಗ್ಗಿ ಒಂದು ಪಾಟಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಒಳಗಿನ ತಂಪು ನನ್ನ ಕಾಲಿನವರೆಗೂ ಇಳಿದು ಬಂತು. ಬಹಳ ಹೊತ್ತಾಯಿತು. ಅವಳಿಗೇ ಎಚ್ಚರವಾಗಿ, "ಥಂಡಿ ಎಲ್ಲಾ ಹೊಂಟೈತ್ರಿ ಚಿಗವ್ವಾ, ಮುಚ್ಚರಿ," ಎಂದಳು.

ಆ ಮುಚ್ಚಳ ಭಾರ. ಅತ್ತೆ ಅದನ್ನು ಎರಡೂ ಕೈಯಿಂದ ಇನ್ನಷ್ಟು ಮೇಲೆತ್ತಿದರು.

"ಹೋಗಲಿ ಬಿಡವಾ. ಥಂಡಿ ಮತ್ತ ಬರತೈತಿ. ನೀ ಕೈ ತಗೀಬ್ಯಾಡ."