ಡಾಕ್ಟ್ರಮ್ಮನ ಜೀಪಿನ ಫ್ರೇಮು

ಐವತ್ತು ದಾಟಿದ ಮೇಲೆ ನನಗೆ ಜೀಪಿನ ಹುಚ್ಚು ಹಿಡಿಯಿತು. ಮಾಗಡಿ ಕಡೆಯ ಒಂದು ಇಟ್ಟಿಗೆ ಗೂಡಿನ ಹಿಂದೆ, ಲಂಟಾನ ಪೊದೆಯೊಳಗೆ ಮೂತಿ ಹುದುಗಿಸಿಕೊಂಡು ನಿಂತಿತ್ತು ಅದು. ಸೀಟಿಲ್ಲ, ಮುಂದಿನ ಗಾಜಿಲ್ಲ, ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಗೂಡಿನವನು, "ತಗೊಂಡ್ಹೋಗಿ ಸಾರ್, ಜಾಗ ಖಾಲಿ ಆದ್ರೆ ಸಾಕು" ಎಂದ. ಲಾರಿಗೇರಿಸಿ ತಂದು, ತರಗುಪೇಟೆಯಲ್ಲಿ ನನ್ನ ಹೆಂಡತಿಯ ತವರಿನವರು ಬಳಸದೆ ಬಿಟ್ಟಿದ್ದ ಬೇಳೆ ಗೋದಾಮಿನಲ್ಲಿ ಇಳಿಸಿದೆ. ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಲಿಕ್ಕೇ ಜಾಗವಿರಲಿಲ್ಲ.

ನಾನು ಶೇಷಾದ್ರಿಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಮಾತಿಗೆ ಕುಳಿತರೆ ನನ್ನದು ಒಂದೇ ಕತೆ. "ನೋಡ್ತಿರಿ, ನನ್ನ ಜೀಪಲ್ಲಿ ಒಂದು ಬೋಲ್ಟೂ ಹೊಸದಿರಲ್ಲ. ಎಲ್ಲಾ ಆ ಕಾಲದ್ದೇ." ಯಾರೂ ಕೇಳಿರಲಿಲ್ಲ, ನಾನೇ ಹೇಳಿದ್ದು. ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಾಯಿತು. ಎರಡು ವರ್ಷದ ಭಾನುವಾರಗಳೆಲ್ಲ ಗುಜರಿ ಅಂಗಡಿಗಳಲ್ಲಿ ಕಳೆದವು. ಒಂದು ಕಡೆ ಸ್ಟೇರಿಂಗ್ ಸಿಕ್ಕಿತು, ಇನ್ನೊಂದು ಕಡೆ ದೀಪದ ಬಳೆ ಸಿಕ್ಕಿತು. ಸಿಗದೆ ಉಳಿದದ್ದು ಒಂದೇ, ಮುಂದಿನ ಗಾಜಿನ ಫ್ರೇಮು. ಹಳೆಯ ಮಾದರಿಯಲ್ಲಿ ಗಾಜನ್ನು ಕೆಳಗಿನಿಂದ ಹೊರಕ್ಕೆ ತಳ್ಳಿ ಕಿಟಕಿಯ ಹಾಗೆ ತೆರೆಯಬಹುದು, ಗಾಳಿ ಬರಲೆಂದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಫ್ರೇಮುಗಳು ಸಾಲಾಗಿ ನೇತಾಡುತ್ತಿದ್ದವು, ಆದರೆ ಅವೆಲ್ಲ ತೆರೆಯದ ಗಾಜಿನವು. "ಹಾಕ್ಕೊಳ್ಳಿ ಸಾರ್, ಯಾರು ನೋಡ್ತಾರೆ?" ಎನ್ನುತ್ತಿದ್ದರು. ನನಗೆ ನೋಡುವವರೇ ಬೇಕಾಗಿತ್ತು.

ಒಂದು ಭಾನುವಾರ ಮಲ್ಲೇಶ್ವರದಲ್ಲಿ ಮದುವೆಯೊಂದರ ತಿಂಡಿ ಮುಗಿಸಿ ನಡೆದು ಬರುತ್ತಿದ್ದೆ. ಅಡ್ಡರಸ್ತೆಯ ಒಂದು ಗೇಟಿನೊಳಗೆ ನನ್ನದರ ಅವಳಿಯಂಥ ಜೀಪು ನಿಂತಿತ್ತು. ಅದರ ಗಾಜು ತೆರೆದುಕೊಂಡಿತ್ತು. ಒಳಗೆ ಡ್ರೈವರ್ ಸೀಟಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕುಳಿತು ಪೇಪರ್ ಓದುತ್ತಿದ್ದರು. ನಾನು ಗೇಟು ಹಿಡಿದು ನಿಂತದ್ದನ್ನು ನೋಡಿ, "ಬನ್ನಿ, ಬನ್ನಿ. ಜೀಪ್ ನೋಡೋಕೆ ನಿಂತ್ಕೊಳ್ಳೋರು ಗೊತ್ತಾಗ್ತಾರೆ ನಂಗೆ" ಎಂದು ಕರೆದರು.

ಅವರು ಪಶುವೈದ್ಯೆಯಾಗಿ ಪಾವಗಡದ ಕಡೆ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಹೆಂಗಸು ಜೀಪು ಓಡಿಸುವುದನ್ನು ನೋಡಲು ಊರ ಮುಂದೆ ಜನ ಸೇರುತ್ತಿದ್ದ ಕಾಲವಂತೆ. ಇಲಾಖೆ ಆ ಜೀಪನ್ನು ಹರಾಜಿಗೆ ಹಾಕಿದಾಗ ತಾವೇ ಕೊಂಡು ತಂದಿದ್ದರು. ಈಗ ಅದು ಓಡುತ್ತಿರಲಿಲ್ಲ, ಆದರೆ ಬೆಳಗಿನ ಪೇಪರ್ ಅದರಲ್ಲೇ ಆಗಬೇಕು. ಫ್ರೇಮಿನ ಒಳಮೈಗೆ ಎರಡು ತೂತು ಕೊರೆದು ಹಿತ್ತಾಳೆಯ ಒಂದು ಕೊಕ್ಕೆ ಬಿಗಿದಿದ್ದರು. "ಸ್ಟೆತಾಸ್ಕೋಪ್ ನೇತಾಕ್ತಿದ್ದೆ. ಸೀಟ್ ಮೇಲಿಟ್ರೆ ಯಾರಾದ್ರೂ ಅದರ ಮೇಲೇ ಕೂತ್ಬಿಡೋರು" ಎಂದು ನಕ್ಕರು.

ನಾನು ಕಾಫಿ ಕುಡಿದು, ನಿಧಾನವಾಗಿ ಫ್ರೇಮಿನ ವಿಷಯ ತೆಗೆದೆ. ಅವರು ಕೊಡುವುದಿಲ್ಲ ಎಂದರು. ಮತ್ತೆರಡು ಸಲ ಹೋದೆ. ಒಮ್ಮೆ ಹೊಸ ಫ್ರೇಮು ಹಾಕಿಸಿಕೊಡುತ್ತೇನೆಂದೆ, ಇನ್ನೊಮ್ಮೆ ಎಂಜಿನ್ ರಿಪೇರಿ ಮಾಡಿಸಿಕೊಡುತ್ತೇನೆಂದೆ. ಮೂರನೆಯ ಸಲ ಅವರು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಾ, "ಮೇಷ್ಟ್ರೇ, ನೀವು ಬರ್ತಾ ಇರಿ, ನಂಗೆ ಖುಷಿ. ಆದ್ರೆ ಇದೊಂದು ಕೇಳ್ಬೇಡಿ. ಮುಂದಿನ ವಾರ ಮನೆಮಂದಿಯೆಲ್ಲಾ ಮೈಸೂರಿಗೆ ಮದುವೆಗೆ ಹೋಗ್ತಿದೀವಿ, ಬಂದ್ಮೇಲೆ ಫೋನ್ ಮಾಡ್ತೀನಿ, ತಿಂಡಿಗೆ ಬನ್ನಿ" ಎಂದರು.

ಅಲ್ಲಿಂದ ನಾನು ಹೋದದ್ದು ಬಿನ್ನಿಪೇಟೆಯ ಒಬ್ಬ ಗುಜರಿ ವ್ಯಾಪಾರಿಯ ಹತ್ತಿರ. ಹಳೆಯ ವಾಹನಗಳ ಸಾಮಾನು ಅವನಲ್ಲಿ ಸಿಗುತ್ತಿತ್ತು. ಎಲ್ಲಿಂದ ಬಂತು ಎಂದು ಯಾರೂ ಅವನನ್ನು ಕೇಳುತ್ತಿರಲಿಲ್ಲ. ನಾನು ಸಿಟ್ಟಿನಲ್ಲಿದ್ದೆ.

"ಇಡೀ ಬೆಂಗಳೂರಲ್ಲಿ ಒಂದೇ ಒಂದು ಫ್ರೇಮ್ ಇದೆ. ಆಯಮ್ಮ ಅದರ ಕೆಳಗೆ ಕೂತು ಪೇಪರ್ ಓದ್ತಾರೆ" ಎಂದೆ.

"ಎಲ್ಲಿ ಸಾರ್?" ಎಂದ ಅವನು, ತಲೆ ಎತ್ತದೆ.

ನಾನು ಹೇಳಿದೆ. ಯಾವ ಅಡ್ಡರಸ್ತೆ, ಯಾವ ಬಣ್ಣದ ಗೇಟು ಎಂದೆಲ್ಲ ಹೇಳಿದೆ. ಗೇಟಿಗೆ ಬೀಗವಿಲ್ಲ, ಬರೀ ಚಿಲಕ ಎಂದೂ ಹೇಳಿದೆ. ಮುಂದಿನ ವಾರ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದೂ ಹೇಳಿದೆ. ಹೊಟ್ಟೆಯುರಿಯಲ್ಲಿ ಬಾಯಿಗೆ ಬಂದದ್ದು ಆಡಿದೆ, ಅಷ್ಟೆ, ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಕೊನೆಯ ಮಾತು ಹೇಳುವಾಗ ನನ್ನ ದನಿ ತಗ್ಗಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಹತ್ತು ದಿನವಾದ ಮೇಲೆ ಅವನ ಫೋನು ಬಂತು. "ಸಾರ್, ನಿಮ್ಮ ಮಾಲು ಬಂದಿದೆ."

ಫ್ರೇಮಿಗೆ ಆಗತಾನೆ ಕಪ್ಪು ಬಣ್ಣ ಬಳಿದಿದ್ದ, ಕೈಗೆ ಅಂಟುತ್ತಿತ್ತು. ಕೊಕ್ಕೆ ಇರಲಿಲ್ಲ. ಒಳಮೈಯಲ್ಲಿ ಎರಡು ತೂತು, ಬಣ್ಣ ತುಂಬಿಕೊಂಡು, ಇದ್ದವು. ನಾನು ಹೆಬ್ಬೆರಳಿನಿಂದ ಅವನ್ನು ಸವರಿ ನೋಡಿದೆ.

"ಎಲ್ಲಿಂದ ಬಂತು?"

"ಹೊಸೂರು ಕಡೆಯಿಂದ. ಬೇಡ್ವಾ ಸಾರ್? ಕೇಳೋರು ಬೇರೆ ಇದಾರೆ."

ಬೇಕು ಎಂದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತರಗುಪೇಟೆಗೆ ತಂದೆ. ಬೋಲ್ಟು ಬಿಗಿದು ಗಾಜನ್ನು ಹೊರಕ್ಕೆ ತಳ್ಳಿದರೆ, ಎಣ್ಣೆ ಕುಡಿದಂತೆ ಸಲೀಸಾಗಿ ತೆರೆದುಕೊಂಡಿತು. ಆ ಸಂಜೆ ನಾನು ಸಂತೋಷವಾಗಿದ್ದೆ. ಒಂದು ಗಂಟೆ ಆ ಜೀಪಿನಲ್ಲಿ ಸುಮ್ಮನೆ ಕುಳಿತಿದ್ದೆ. ಗೊತ್ತಿದ್ದೂ ಸಂತೋಷವಾಗಿದ್ದೆ. ಮಿಕ್ಕದ್ದೆಲ್ಲ ಹೇಳಬಹುದು, ಇದನ್ನು ಬರೆಯುವುದೇ ನನಗೆ ಕಷ್ಟ.

ಎರಡು ದಿನ ಬಿಟ್ಟು ಡಾಕ್ಟ್ರಮ್ಮ ಫೋನ್ ಮಾಡಿದರು. "ಮೇಷ್ಟ್ರೇ, ನಮ್ಮ ಫ್ರೇಮ್ ಬಿಚ್ಕೊಂಡು ಹೋಗ್ಬಿಟ್ಟಿದಾರೆ. ಆ ಗುಜರಿ ಅಂಗಡಿಗಳೆಲ್ಲಾ ನಂಗೆಲ್ಲಿ ಗೊತ್ತು? ನೀವು ಸ್ವಲ್ಪ ಜೊತೆಗೆ ಬರ್ತೀರಾ? ಹುಡುಕೋಣ."

ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಆಗಲ್ಲ ಎಂದರೆ ಸಂಶಯ ಬಂದೀತು ಎಂಬ ಲೆಕ್ಕವೂ ಇತ್ತು. ಏಪ್ರಿಲ್ ಬಿಸಿಲು. ಅವರು ಕಾಟನ್ ಸೀರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೈಯಲ್ಲೊಂದು ಹಾಳೆ ಹಿಡಿದು ಬಂದರು. ಹಾಳೆಯಲ್ಲಿ ಫ್ರೇಮಿನ ಚಿತ್ರವನ್ನೂ ಆ ಕೊಕ್ಕೆಯ ಚಿತ್ರವನ್ನೂ ಪೆನ್ಸಿಲ್‌ನಲ್ಲಿ ಬರೆದಿದ್ದರು. ಜೆ.ಸಿ. ರಸ್ತೆಯ ಒಂದು ತುದಿಯಿಂದ ಹೊರಟೆವು. ಒಂದೊಂದು ಅಂಗಡಿಗೂ ಮೆಟ್ಟಿಲು ಹತ್ತಿ, ಹಾಳೆ ತೋರಿಸಿ, "ಇಂಥದ್ದು ಮಾರೋಕೆ ಯಾರಾದ್ರೂ ಬಂದಿದ್ರಾ?" ಎಂದು ಕೇಳಿ ಇಳಿಯುತ್ತಿದ್ದರು. ಅವರ ಬಲಗಾಲು ನೋಯುತ್ತಿತ್ತು. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು.

ಒಬ್ಬ ವಯಸ್ಸಾದ ಅಂಗಡಿಯವರು ಹಾಳೆಯನ್ನು ಹಿಂದಿರುಗಿಸುತ್ತಾ, "ಅಮ್ಮಾ, ಇದರ ಬೆಲೆ ಗೊತ್ತಿರೋರೇ ತೆಗೆದಿರೋದು. ನಿಮ್ಮ ಮನೆಗೆ ಬಂದು ಹೋಗೋರೇ ಯಾರೋ ಸುಳಿವು ಕೊಟ್ಟಿದಾರೆ" ಎಂದರು.

"ನಮ್ಮನೆಗೆ ಜೀಪ್ ನೋಡೋಕೆ ಬರೋರು ಇನ್ಯಾರು? ಈ ಮೇಷ್ಟ್ರೇ!" ಎಂದು ಡಾಕ್ಟ್ರಮ್ಮ ನನ್ನ ಕಡೆ ಕೈ ತೋರಿಸಿ ನಕ್ಕರು. ಅಂಗಡಿಯವರೂ ನಕ್ಕರು. ನಾನೂ ನಕ್ಕೆ.

ರಸ್ತೆಯ ಕೊನೆಗೆ ಬಂದಾಗ ಅವರು, "ಬಿನ್ನಿಪೇಟೆ ಕಡೆನೂ ಯಾರೋ ಇದಾರಂತಲ್ಲ?" ಎಂದರು.

"ಅಲ್ಲಿ ಬರೀ ಲಾರಿ ಸಾಮಾನು ಮೇಡಂ" ಎಂದೆ.

ಅವರು ಎಳನೀರು ಕೊಡಿಸಿದರು. ನನ್ನದು ಮುಗಿದ ಮೇಲೆ ಕಾಯಿ ಒಡೆಸಿ, ಗಂಜಿಯನ್ನು ನನಗೇ ಕೊಟ್ಟರು. ತಮಗೆ ಶೀತವಾಗುತ್ತದಂತೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಒಣಗಿದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಬೈಯಲಿಲ್ಲ.

"ರೀ, ನಾಳೆನೇ ಕೊಟ್ಟು ಬನ್ನಿ. ಏನಂತ ಹೇಳಿ ಕೊಡ್ತೀರಿ?"

"ಗುಜರಿಲಿ ಸಿಕ್ತು ಅಂತೀನಿ."

"ಹೌದಲ್ಲ, ಅದೂ ಸುಳ್ಳಲ್ಲ" ಎಂದಳು, ಮತ್ತೆ ಬಟ್ಟೆ ಮಡಿಸತೊಡಗಿದಳು. 

ಮಾರನೆಯ ಬೆಳಿಗ್ಗೆ ಫ್ರೇಮು ಬಿಚ್ಚಿ, ಅದೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮಲ್ಲೇಶ್ವರಕ್ಕೆ ಹೋದೆ. ಬೆಡ್‌ಶೀಟು ತೆಗೆಯುತ್ತಲೇ ಡಾಕ್ಟ್ರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. "ಹೇಗೆ ಸಿಕ್ತು ಮೇಷ್ಟ್ರೇ?" ಎಂದರು. ಬಿನ್ನಿಪೇಟೆಯಲ್ಲಿ ಸಿಕ್ಕಿತು ಎಂದೆ, ಬೆಳಿಗ್ಗೆ ಸುಮ್ಮನೆ ನೋಡಿಬರೋಣವೆಂದು ಹೋಗಿದ್ದೆ ಎಂದೆ. ಮೇಲ್ಮಹಡಿಯಲ್ಲಿದ್ದ ತಂಗಿಯನ್ನು ಕೂಗಿ ಕರೆದರು. "ನೋಡೇ, ಮೇಷ್ಟ್ರು ಹುಡುಕಿ ತಂದ್ಬಿಟ್ರು!" ಕಾಫಿ ಬಂತು. ಕುಡಿದೆ. ಆಮೇಲೆ ಫ್ರೇಮನ್ನು ಜೀಪಿಗೆ ಕೂರಿಸಲು ಬಗ್ಗಿದೆ. ಅವರು ಪಕ್ಕದಲ್ಲಿ ನಿಂತು ಒಂದೊಂದೇ ಬೋಲ್ಟು ಎತ್ತಿ ಕೊಡುತ್ತಿದ್ದರು.

"ಆ ಅಂಗಡಿಯವನ ಹತ್ರ ನನ್ನ ಕರ್ಕೊಂಡ್ಹೋಗಿ. ಯಾರು ತಂದು ಮಾರಿದ್ರು ಅಂತ ನಾನೇ ಕೇಳ್ತೀನಿ. ನಂಗೆ ಹೇಳ್ತಾನೆ" ಎಂದರು.

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಅವನು ಹೇಳುತ್ತಾನೆ, ನನಗೆ ಗೊತ್ತಿತ್ತು. ಆಗ ನಾನು ನಿಜ ಹೇಳಿದೆ. ಮನಸ್ಸಾಕ್ಷಿ ಚುಚ್ಚಿ ಹೇಳಿದೆ ಎಂದು ಬರೆದುಕೊಳ್ಳಬಹುದಿತ್ತು, ಆದರೆ ಸಿಕ್ಕಿಬೀಳುತ್ತೇನೆಂದು ಗೊತ್ತಾದ ಮೇಲೆ ಹೇಳಿದ್ದು. ಗೇಟಿನ ಚಿಲಕದ ಮಾತು, ಮೈಸೂರಿನ ಮಾತು, ಆ ಎರಡು ತೂತು, ಎಲ್ಲವನ್ನೂ ಬಾನೆಟ್ ನೋಡುತ್ತಾ ಹೇಳಿ ಮುಗಿಸಿದೆ.

 ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿನ್ನೆ ನಾವು ಅಂಗಡಿ ಅಂಗಡಿ ಸುತ್ತಿದ್ವಲ್ಲ, ಆಗ ಇದು ಎಲ್ಲಿತ್ತು?"

"ತರಗುಪೇಟೆಲಿ. ನನ್ನ ಜೀಪಿನ ಮೇಲೆ."

"ಕದ್ದಿದ್ದು ಹೋಗ್ಲಿ" ಎಂದರು ಅವರು. "ಅದು ಅಲ್ಲಿದೆ ಅಂತ ಗೊತ್ತಿದ್ದೂ, ಆ ಬಿಸಿಲಲ್ಲಿ ನನ್ನ ನಡೆಸಿದ್ರಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಕೈಯಲ್ಲಿದ್ದ ಇನ್ನೂ ಎರಡು ಬೋಲ್ಟುಗಳನ್ನು ಬಾನೆಟ್ ಮೇಲಿಟ್ಟು, "ಬಿಗಿದು ಹೋಗಿ" ಎಂದು ಒಳಗೆ ಹೋದರು. ಬಿಗಿದೆ. ಕಿಟಕಿಯ ಬಳಿ ತಂಗಿ ನಿಂತು ನೋಡುತ್ತಿದ್ದರು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ, ನನ್ನನ್ನು ನೋಡಿ ನಕ್ಕರು.

ಅಲ್ಲಿಂದ ನೇರ ಬಿನ್ನಿಪೇಟೆಗೆ ಹೋಗಿ ಆ ವ್ಯಾಪಾರಿಯ ಮೇಲೆ ಕೂಗಾಡಿದೆ. ಕಳ್ಳ ಎಂದೆ. ಅವನು ಟೀ ಹೀರುತ್ತಾ, "ಅಡ್ರೆಸ್ ಕೊಟ್ಟೋರು ಯಾರು ಸಾರ್?" ಎಂದ. ಸುತ್ತ ಇದ್ದವರು ತಿರುಗಿ ನೋಡಿದರು. ನಾನು ಹೊರಟು ಬಂದೆ.

ಜೀಪು ಈಗ ಓಡುತ್ತದೆ. ಜೆ.ಸಿ. ರಸ್ತೆಯ ಹೊಸ ಫ್ರೇಮನ್ನೇ ಹಾಕಿಸಿದೆ, ಯಾರೂ ಗಮನಿಸಲಿಲ್ಲ. ಸ್ಟಾಫ್ ರೂಮಿನವರು ಒಂದು ರೌಂಡು ಹೋಗಿ ಬಂದು ಬೆನ್ನು ತಟ್ಟಿದರು. ಮಲ್ಲೇಶ್ವರದ ಕಡೆಗೆ ಮಾತ್ರ ಅದನ್ನು ತಿರುಗಿಸುವುದಿಲ್ಲ.

ಹೋದ ತಿಂಗಳು ಹೆಂಡತಿಯೊಡನೆ ತರಕಾರಿಗೆಂದು ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಬಸ್ಸಿನಲ್ಲಿ ಹೋಗಿದ್ದೆ. ಹುರುಳಿಕಾಯಿಯ ಗುಡ್ಡೆಯ ಆಚೆ ಬದಿಗೆ ಡಾಕ್ಟ್ರಮ್ಮ ನಿಂತಿದ್ದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರೇ ಮೊದಲು ಮಾತಾಡಿದರು.

"ಓಡ್ತಿದ್ಯಾ ಜೀಪು?"

"ಓಡ್ತಿದೆ ಮೇಡಂ."

"ಒಳ್ಳೇದು" ಎಂದರು. ನನ್ನ ಹೆಂಡತಿಯ ಕಡೆ ತಿರುಗಿ, "ಎಳೇದು ನೋಡಿ ಆರಿಸ್ಕೊಳ್ಳಮ್ಮ, ಕೆಳಗಿರೋದೆಲ್ಲಾ ಬಲಿತಿದೆ" ಎಂದು ಹೇಳಿ, ತಮ್ಮ ಚೀಲ ಎತ್ತಿಕೊಂಡರು. ಚೀಲ ಭಾರವಾಗಿತ್ತು. ಹಿಡಿದುಕೊಳ್ಳಲೇ ಎಂದು ಕೇಳಲು ಕೈ ಮುಂದೆ ಚಾಚಿದೆ, ಕೇಳಲಿಲ್ಲ. ಅವರು ಬಲಗಾಲನ್ನು ಸ್ವಲ್ಪ ಎಳೆಯುತ್ತಾ ಜನರ ನಡುವೆ ನಡೆದು ಹೋದರು.