ನೀಲಪ್ಪನ ನೆಟ್ಟನೆಯ ಗೆರೆ

ಜಾಲಿಕೆರೆಯ ನೀಲಪ್ಪನಿಗೆ ಸರಕಾರ ಕೊಟ್ಟ ಹುದ್ದೆ ವರ್ಕ್ ಇನ್‌ಸ್ಪೆಕ್ಟರನದು. ಇಂಜಿನಿಯರನಿಗೂ ತನಗೂ ಇರುವ ಫರಕು ಸಂಬಳದ್ದು ಮಾತ್ರ ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಮುನವಳ್ಳಿಯ ಆಚೆಗಿನ ಆ ಕೆರೆಯ ಮಣ್ಣೊಡ್ಡಿನ ಬುಡದಲ್ಲಿ ನಲವತ್ತು ಮನೆಗಳ ಓಣಿ. ಅವರೆಲ್ಲ ತನ್ನ ಭರವಸೆಯ ಮೇಲೆ ನಿದ್ದೆ ಮಾಡುತ್ತಾರೆಂದು ನೀಲಪ್ಪ ಹೇಳುತ್ತಿದ್ದ. ಓಣಿಯವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಗಡದ್ದಾಗಿ ಮಲಗುತ್ತಿದ್ದರು.

ಕೆಲಸ ದಿನಕ್ಕೆ ಎರಡು ಅಂಕಿ ಬರೆಯುವುದು. ಕೆರೆಯಲ್ಲಿ ನೆಟ್ಟ ಬಣ್ಣದ ಕಂಬ ನೋಡಿ ನೀರು ಎಷ್ಟು ಅಡಿ ಎಂಬುದು ಒಂದು. ಆಮೇಲೆ ಒಡ್ಡಿನ ಹಿಂಬದಿಗೆ ಮುಳ್ಳುಕಂಟಿಯಲ್ಲಿ ಇಳಿದು, ಮಣ್ಣಿನೊಳಗಿಂದ ಸೋರಿದ ನೀರು ಬೀಳುವ ಪೈಪಿಗೆ ಹತ್ತು ಲೀಟರಿನ ಬಕೇಟು ಹಿಡಿದು, ತುಂಬಲು ಎಷ್ಟು ಸೆಕೆಂಡಾಯಿತೆಂದು ಗಡಿಯಾರ ನೋಡಿ, ನಿಮಿಷಕ್ಕೆಷ್ಟು ಲೀಟರೆಂದು ಬರೆಯುವುದು ಇನ್ನೊಂದು. ಮಣ್ಣಿನ ಒಡ್ಡು ಸೋರುವುದೇ. ಕೆರೆ ಏರಿದಂತೆ ಸೋರಿಕೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಕೆರೆ ಏರದೆ ಸೋರಿಕೆ ಮಾತ್ರ ಏರಿತೋ, ಒಡ್ಡಿನ ಹೊಟ್ಟೆಯಲ್ಲಿ ಏನೋ ಕೆಟ್ಟಿದೆಯೆಂದು ಅರ್ಥ.

೨೦೦೫ರಲ್ಲಿ ಕೆರೆಯ ಕಚೇರಿಗೆ ಒಂದು ಹಳೆಯ ಕಂಪ್ಯೂಟರು ಬಂತು. ತೂಬಿನ ಗೇಟು ನೋಡಿಕೊಳ್ಳುವ ಬುರಾನಸಾಬನ ಮಗಳು ಕೌಸರ್, ಬೈಲಹೊಂಗಲದಲ್ಲಿ ಬಿಕಾಂ ಓದುವವಳು, ರಜೆಯಲ್ಲಿ ನೀಲಪ್ಪನಿಗೆ ಎಕ್ಸೆಲ್ ಕಲಿಸಿದಳು.

"ಕಾಕಾ, ಈ ಸಾಲಿನ್ಯಾಗ ಅಡಿ, ಬಾಜೂಕ ಸೋರಿಕಿ. ಜೋಡಿ ಜೋಡಿ ಬರೀಬೇಕ್ರಿ. ಈಗ ಚಾರ್ಟ್ ಒತ್ರಿ."

ಐದು ವರ್ಷದ ಅಂಕಿಗಳು ಚುಕ್ಕಿಗಳಾಗಿ, ಬೆಲ್ಲಕ್ಕೆ ಹೊರಟ ಇರುವೆಗಳ ಹಾಗೆ ಪರದೆಯ ಮೇಲೆ ಓರೆಯಾಗಿ ಹತ್ತಿದವು. ಕೌಸರ್ ಇನ್ನೊಂದು ಕಡೆ ಒತ್ತಿದಳು. ಚುಕ್ಕಿಗಳ ನಡುವೆ ಒಂದು ಗೆರೆ ಬಿತ್ತು. ಪಕ್ಕದಲ್ಲಿ ಸೂತ್ರವೂ ಮೂಡಿತು. ಅಡಿಯನ್ನು ೦.೬ರಿಂದ ಗುಣಿಸು, ಎರಡು ಕಳೆ, ಅದೇ ಸೋರಿಕೆ. ಅದರ ಕೆಳಗೆ ಆರ್ ಸ್ಕ್ವೇರ್ ೦.೯೮.

"ಇದು ಒಂದರ ಸಮೀಪ ಇದ್ದಷ್ಟೂ ಗೆರಿ ಖರೆ ಅಂತ ತಿಳ್ಕೋರಿ. ಆದ್ರ ಚುಕ್ಕಿ ಹದಿನಾಕು ಅಡಿಗೆ ನಿಂತಾವು, ನೋಡ್ರಿ. ಅದರ ಮ್ಯಾಲ ಗೆರಿ ಬರೇ ಅಂದಾಜು."

"ಅಂದಾಜು ಅಲ್ಲವಾ, ಗಣಿತ," ಎಂದ ನೀಲಪ್ಪ. ಆ ಶಬ್ದ ಅವನ ಬಾಯಿಗೆ ಬಹಳ ರುಚಿಯಾಗಿತ್ತು.

ಮರುದಿನ ಕಂಬ ನೋಡಿದ. ಹನ್ನೊಂದು ಅಡಿ. ಸೋರಿಕೆ ೪.೬ ಎಂದು ಸೂತ್ರ ಹೇಳಿತು. ಕೆಳಗಿಳಿದು ಬಕೇಟು ಹಿಡಿದರೆ ಅಷ್ಟೇ ಬಂತು. ಗೊತ್ತಿರುವ ಉತ್ತರಕ್ಕಾಗಿ ಮೊಣಕಾಲು ನೋವಿನವನು ಮುಳ್ಳು ತುಳಿಯುವುದೇಕೆ? ಅಂದಿನಿಂದ ನೀಲಪ್ಪ ರಸ್ತೆಯ ಮೇಲೇ ಲೂನಾ ನಿಲ್ಲಿಸಿ ಕಂಬ ನೋಡುತ್ತಿದ್ದ; ಎರಡನೆಯ ಅಂಕಿಯನ್ನು ಸೂತ್ರ ಬರೆಯುತ್ತಿತ್ತು. ಹತ್ತು ತಿಂಗಳಲ್ಲಿ ಹೊಸ ಚುಕ್ಕಿಗಳೆಲ್ಲ ಗೆರೆಯ ಮೇಲೇ ಸಾಲಾಗಿ ಕುಂತವು. ಆ ಹತ್ತು ತಿಂಗಳ ಚಾರ್ಟಿನಲ್ಲಿ ಆರ್ ಸ್ಕ್ವೇರ್ ಸರಿಯಾಗಿ ಒಂದು.

ಬೆಳಗಾವಿಯ ಇಂಜಿನಿಯರ್ ರಾಮಲಿಂಗಪ್ಪನವರು ಆ ಚಾರ್ಟನ್ನು ತಮ್ಮ ಕೋಣೆಯ ಗೋಡೆಗೆ ಅಂಟಿಸಿಕೊಂಡರು. ರಜೆಗೆ ಬಂದ ಕೌಸರ್ ಮಾತ್ರ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಕಾಕಾ, ನೀರಿಗೆ ಇಷ್ಟು ಶಿಸ್ತು ಎಲ್ಲಿಂದ ಬಂತ್ರಿ?"

"ನನ್ನ ಕೈಕೆಳಗಿನ ನೀರವಾ ಅದು."

ಅವಳು ನಗಲಿಲ್ಲ.

೨೦೦೬ರ ಆಗಸ್ಟಿನಲ್ಲಿ ಕೆರೆ ಹದಿನೆಂಟು ಅಡಿಗೆ ಬಂತು. ಅಷ್ಟು ನೀರನ್ನು ನೀಲಪ್ಪ ತನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಸೂತ್ರ ೮.೮ ಎಂದಿತು. ಗುರುವಾರ ಮುಂಜಾನೆ ಅವನು ಲೂನಾ ತಿರುಗಿಸುವಷ್ಟರಲ್ಲಿ, ಒಡ್ಡಿನ ಕೆಳಗೆ ಮೆಂತ್ಯಪಲ್ಲೆ ಬೆಳೆಯುವ ಶಟ್ಟೆವ್ವ ರಸ್ತೆಗೆ ಅಡ್ಡ ಬಂದಳು.

"ಸಾಹೇಬ್ರ, ನನ್ನ ಪಲ್ಲೆ ಮಡಿ ಎಲ್ಲಾ ಕೊಳತು ಹೊಂಟಾವ್ರಿ."

"ಮಳಿ ಜೋರ್ ಆತಲ್ಲ ಈ ವರ್ಷ."

"ಮಳಿ ನಿಂತು ಆರು ದಿನ ಆತು. ನೀರು ಮ್ಯಾಗಿಂದಲ್ಲ, ನೆಲದಾಗಿಂದ ಏಳಾಕ್ಹತ್ತೈತಿ. ಅದೂ ಚಹಾದಂಗ ಕೆಂಪು."

"ಲೆಕ್ಕದ ಪ್ರಕಾರ ಎಂಟು ಪಾಯಿಂಟ್ ಎಂಟು ಲೀಟರ್ ಐತಿ. ಅಂಜಬ್ಯಾಡ."

"ಆ ಪಾಯಿಂಟ್ ಬಂದು ನನ್ನ ಮಡ್ಯಾಗ ನಿಂದರಲಿ, ಮೊಣಕಾಲ ಮಟ ಹುಗೀತೈತಿ!"

ಹನ್ನೊಂದು ತಿಂಗಳ ಮೇಲೆ ನೀಲಪ್ಪ ಕೆಳಗಿಳಿದ. ದಾರಿ ಮುಚ್ಚಿಹೋಗಿತ್ತು. ಪೈಪು ಕಣ್ಣಿಗೆ ಬೀಳುವ ಮೊದಲೇ ಸಪ್ಪಳ ಕೇಳಿತು. ಸೂತ್ರದ ಪ್ರಕಾರ ಬಕೇಟು ತುಂಬಲು ಅರವತ್ತೆಂಟು ಸೆಕೆಂಡು ಬೇಕು. ಇಪ್ಪತ್ತೆರಡಕ್ಕೆ ತುಂಬಿತು. ಚೆಲ್ಲಿ ಮತ್ತೆ ಹಿಡಿದ. ಇಪ್ಪತ್ತೊಂದು. ತಳದಲ್ಲಿ ನುಣ್ಣನೆಯ ಕೆಂಪುಮಣ್ಣು ಕುಳಿತಿತ್ತು. ಒಡ್ಡು ಒಳಗಿಂದ ಕರಗಿ ಹೊರಗೆ ಬರುತ್ತಿತ್ತು.

ಕಚೇರಿಗೆ ಬಂದು ಆ ಜೋಡಿಯನ್ನೂ ಸೇರಿಸಿದ. ಹೊಸ ಚುಕ್ಕಿ ಗೆರೆಯಿಂದ ಎಲ್ಲೋ ಮೇಲೆ, ಪಂಕ್ತಿಯಿಂದ ಎದ್ದು ನಿಂತವನ ಹಾಗೆ ಒಂದೇ ನಿಂತಿತು. ಡಿಲೀಟ್ ಮೇಲೆ ಬೆರಳಿಟ್ಟ, ಒತ್ತಿಯೂ ಬಿಟ್ಟ. ಗೆರೆ ಮತ್ತೆ ಚೆಂದವಾಯಿತು. ಬೆರಳಿಗೆ ಕೆಂಪುಮಣ್ಣು ಇನ್ನೂ ಅಂಟಿತ್ತು. ರಾಮಲಿಂಗಪ್ಪನವರಿಗೆ ಫೋನು ಹಚ್ಚಿದ.

"ತೂಬು ತಗದು ಕೆರಿ ಇಳಸಬೇಕ್ರಿ ಸರ್. ಸೋರಿಕಿ ಮೂರು ಪಟ್ಟು ಆಗೇತಿ."

ರಾಮಲಿಂಗಪ್ಪನವರು ನಕ್ಕರು. "ನಿಮ್ಮ ಚಾರ್ಟ್ ನನ್ನ ಎದುರಿಗೇ ಐತಿ. ಮುನ್ನೂರು ಚುಕ್ಕಿ ನಂಬ್ಲ್ಯೋ, ನಿಮ್ಮ ಒಂದು ಬಕೇಟ್ ನಂಬ್ಲ್ಯೋ? ನೀರು ಸುಮ್ಮನ ಹರಿಸಿದ್ರ ಮ್ಯಾಲಿನವರಿಗೆ ನಾ ಉತ್ತರ ಕೊಡಬೇಕು. ಸೋಮವಾರ ಬಂದು ನೋಡ್ತೇನಿ."

"ಸರ್..." ನೀಲಪ್ಪ ಪರದೆಯನ್ನು ಆರಿಸಿದ. "ಆ ಮುನ್ನೂರು ಚುಕ್ಕಿ ನೀರಿನವಲ್ಲರಿ. ಗೆರಿ ನೋಡಿ ನಾನ ಬರದಿದ್ದು. ಹನ್ನೊಂದು ತಿಂಗಳು ನಾ ಕೆಳಗ ಇಳದಿಲ್ಲ."

ಆ ಕಡೆ ಗೋಡೆಯಿಂದ ಕಾಗದ ಕಿತ್ತ ಸಪ್ಪಳ ಕೇಳಿತು. ಆಮೇಲೆ, "ತೂಬು ತಗೀರಿ. ನಾ ಈಗ ಹೊಂಟೆ. ನಿಮ್ಮ ವಿಚಾರ ಆಮ್ಯಾಲ."

ಬುರಾನಸಾಬ ಗೇಟಿನ ಚಕ್ರ ತಿರುಗಿಸಿದ. ಮಧ್ಯಾಹ್ನದ ಹೊತ್ತಿಗೆ ಕೆರೆ ಅರ್ಧ ಅಡಿ ಇಳಿಯಿತು. ಸೋರಿಕೆಯೂ ಇಳಿಯಬೇಕಿತ್ತು. ನೀಲಪ್ಪ ಪೈಪಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಎಣಿಸಿದ. ಹತ್ತೊಂಬತ್ತು ಸೆಕೆಂಡು. ಬುರಾನಸಾಬ ಒಡ್ಡಿನ ಮೇಲಿಂದ ಕೂಗಿದ: "ಮುಕ್ಕಾಲು ಅಡಿ ಇಳೀತು!" ಹದಿನಾರು. "ಒಂದು ಅಡಿ!" ಹನ್ನೆರಡು.

ಕೆರೆ ಇಳಿಯುತ್ತಿತ್ತು, ಸೋರಿಕೆ ಏರುತ್ತಿತ್ತು. ಜೋಡಿ ಹರಿದಿತ್ತು. ಬಕೇಟನ್ನು ಅಲ್ಲೇ ಬಿಟ್ಟು ನೀಲಪ್ಪ ಓಣಿಗೆ ಓಡಿದ.

"ಮನಿ ಬಿಡ್ರಿ! ದನಾ ಬಿಚ್ರಿ! ದಿಬ್ಬದ ಮ್ಯಾಲ ನಡೀರಿ!"

ಮೊದಲನೆಯ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಬಾಯವ್ವ ಮೊರದಿಂದ ತಲೆ ಎತ್ತಿದಳು. "ಯಾಕೋ ಯಪ್ಪಾ? ಒಡ್ಡು ಕಬ್ಬಿಣದಂಗ ಐತಿ, ಕಂಪ್ಯೂಟರ್ ಹೇಳೇತಿ ಅಂತ ಮೊನ್ನೆ ನೀನ ಹೇಳಿದ್ಯಲ್ಲ?"

"ಸುಳ್ಳು ಹೇಳಿದ್ದೆ ಬೇ. ಏಳ್ರಿ."

ಅವಳು ಅವನ ಮುಖ ನೋಡಿದಳು. ಮೊರ ಇಳಿಸಿ, ಮೊಮ್ಮಗಳನ್ನು ಎತ್ತಿಕೊಂಡಳು. ನೀಲಪ್ಪ ಮುಂದಿನ ಬಾಗಿಲು ಬಡಿದ. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ನಿಲ್ಲಲೇ ಇಲ್ಲ; ಅವನು ಇನ್ನೂ ಜೋರಾಗಿ ಬಡಿದ.